ದುರ್ಗಬ್ಬೆಯ ಮೊದಲ ಸಾವು

ಕಳೆದ ಮಾಘದ ಏಕಾದಶಿಯ ಬೆಳಿಗ್ಗೆ ದುರ್ಗಬ್ಬೆ ತೀರಿಕೊಂಡ ಸುದ್ದಿ ಊರಿಗೆ ತಿಳಿಯಿತು. ಯಾರೂ ಅಳಲಿಲ್ಲ. ಏಕೆಂದರೆ ಯಾರೂ ನಂಬಲಿಲ್ಲ.

ಮೊಮ್ಮಗಳು ಪೂರ್ಣಿಮಾ ಫೋನಿನಲ್ಲಿ ಬಿಕ್ಕುತ್ತಿದ್ದಾಗ ನಾನೇ, "ಮಗಾ, ಇನ್ನೊಂದು ಸಲ ಸರಿಯಾಗಿ ನೋಡು" ಎಂದೆ. ದೇವರು ನನ್ನನ್ನು ಕ್ಷಮಿಸಲಿ. ಹೊನ್ನಾವರದ ನೆಂಟರು, "ಈ ಸಲ ನಿಜವಾ?" ಎಂದು ಕೇಳಿದರು. ಕುಮಟೆಯ ಹೂವಿನವನು, "ಹೋದ ಸಲ ಕಟ್ಟಿದ ಹಾರ ಹಂಗೇ ಉಳದು ಬಾಡಿ ಹೋತು, ನೀವು ಕಣ್ಣಾರೆ ನೋಡಿ ಹೇಳಿ, ಆಮೇಲೆ ಕಟ್ತೆ" ಎಂದ. ನಾನು ಅವರ ಮನೆಗೆ ಹೋಗಿ ಆ ತಾಯಿಯ ಪಾದ ಮುಟ್ಟಿದೆ. ತಣ್ಣಗಿತ್ತು. ಆಗ ಅಳು ಬಂತು.

ಜನರನ್ನು ದೂರುವಂತಿಲ್ಲ. ದುರ್ಗಬ್ಬೆ ನಾಲ್ಕು ವರ್ಷದ ಹಿಂದೆ, ಎಂಬತ್ತೇಳನೆಯ ವಯಸ್ಸಿನಲ್ಲಿ, ಒಮ್ಮೆ ತೀರಿಕೊಂಡಿದ್ದಳು. ಅದಕ್ಕೆ ಕಾರಣ ಅವಳ ಒಬ್ಬನೇ ಮಗ, ನನ್ನ ಗೆಳೆಯ ಮಾಬ್ಲೇಶ್ವರ, ಮತ್ತು ನಾವು ಮೂವರು ಗೆಳೆಯರು ಮಾಡಿದ ಸಮುದ್ರತೀರದ ವಿಹಾರ. ಸೂತಕದ ಮನೆಯ ಕತೆಯಲ್ಲಿ ನಗೆ ಸಲ್ಲದೆಂದು ಬಲ್ಲೆ. ಆದರೆ ನಡೆದದ್ದೇ ಹಾಗೆ.

ಮಾಬ್ಲೇಶ್ವರ ಮೂವತ್ತೈದು ವರ್ಷ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವನು. ಕಂಬದ ಮೇಲಿರುವಷ್ಟು ಹೊತ್ತು ಅವನ ಬುದ್ಧಿ ಬಹಳ ಚುರುಕು. ನೆಲಕ್ಕಿಳಿದನೆಂದರೆ ಗೊಂದಲ ಶುರುವಾಗುತ್ತಿತ್ತು. ಆ ವರ್ಷ ಅವನ ಮಗಳು ಪೂರ್ಣಿಮಾಳಿಗೆ ಭಟ್ಕಳದ ಹತ್ತಿರದ ಹೆಬಳೆಯಲ್ಲಿ ಸಂಬಂಧ ಕೂಡಿಬಂದಿತ್ತು. ಹುಡುಗ ರೂಪೇಶ, ದೋಣಿಗಳ ಜಿಪಿಎಸ್ ರಿಪೇರಿ ಮಾಡುವವನು. ಹುಡುಗಿಗೆ ಹುಡುಗ ಬಹಳ ಮೆಚ್ಚಾಗಿದ್ದ. ಅದಕ್ಕೆ ಮೊದಲು ಎರಡು ಸಂಬಂಧ ಕೊನೆಯ ಗಳಿಗೆಯಲ್ಲಿ ತಪ್ಪಿದ್ದರಿಂದ ಇದು ತಪ್ಪಬಾರದೆಂದು ಮನೆಯವರೆಲ್ಲ ದೇವರಿಗೆ ಹರಕೆ ಹೊತ್ತಿದ್ದರು. ಹುಡುಗನ ತಂದೆ ಮೋಹನ ಐಸ್ ಫ್ಯಾಕ್ಟರಿಯ ಒಡೆಯ, ಸಜ್ಜನ. ಆದರೆ ಮೋಹನನಿಗೆ ಒಬ್ಬ ಅಕ್ಕನಿದ್ದಳು. ಶಕುನ ನೋಡುವುದರಲ್ಲಿ ಆಕೆಯನ್ನು ಮೀರಿಸಿದವರು ಮೂರು ತಾಲೂಕಿನಲ್ಲಿ ಇರಲಿಲ್ಲ. ಹಲ್ಲಿ ಲೊಚಗುಟ್ಟಿತೆಂದು ಸ್ವಂತ ಮದುವೆಯ ಮಂಟಪದಿಂದಲೇ ಒಮ್ಮೆ ಎದ್ದುಬಂದವಳು ಎಂದು ಪ್ರತೀತಿ.

ಭಾನುವಾರ ನಿಶ್ಚಿತಾರ್ಥ ಎಂದು ಮಾತಾಯಿತು. ಅಷ್ಟರಲ್ಲಿ ಹೆಣ್ಣು ನೋಡಿದ ದಿನದ ಫೋಟೋ ಎಲ್ಲರ ಫೋನಿಗೂ ಬಂತು. ಮೋಹನನಿಗೂ ಮಾಬ್ಲೇಶ್ವರನಿಗೂ ಅರವತ್ತೆರಡೇ ವಯಸ್ಸು. ಆದರೆ ಫೋಟೋದಲ್ಲಿ ಮೋಹನನ ತಲೆ ಕರಿ ಇಜ್ಜಲಿನಂತಿತ್ತು, ನಮ್ಮವನದು ಬಿರಿದ ಹತ್ತಿಕಾಯಿಯಂತಿತ್ತು. ಹೊನ್ನಾವರದ ಒಬ್ಬ ನೆಂಟ, "ಬಲಬದಿಗೆ ನಿಂತವ್ರು ಹುಡುಗಿಯ ಅಜ್ಜನಾ?" ಎಂದು ಕೇಳಿದ.

ಮಾಬ್ಲೇಶ್ವರ ಎರಡು ದಿನ ಅನ್ನ ಬಿಟ್ಟ. ಮೂರನೆಯ ದಿನ, "ಬಣ್ಣ ಹಚ್ಕಂತೆ" ಎಂದ.

"ಹಚ್ಚಿದ್ರೆ ಮನೆಯೊಳಗೆ ಬರೂದು ಬೇಡ" ಎಂದಳು ಹೆಂಡತಿ ಉಮಾ. "ಮಗಳ ಮದಿಯೋ ನಿಂದೋ?"

ಆಗ ನಮ್ಮ ಇನ್ನೊಬ್ಬ ಗೆಳೆಯ ಜಟ್ಟ ಉಪಾಯ ಹೇಳಿದ. ಜಟ್ಟ ದೋಣಿಯ ಎಂಜಿನ್ ಮೆಕ್ಯಾನಿಕ್. ಲೋಕದ ಯಾವ ಕಷ್ಟವನ್ನೂ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಬಹುದೆಂದು ನಂಬಿದವನು. ಮೂವರೂ ವಿಶ್ರಾಂತಿಯ ನೆಪದಲ್ಲಿ ಎಲ್ಲಾದರೂ ಬೀಚಿಗೆ ಹೋಗುವುದು, ಅಲ್ಲಿ ಬಣ್ಣ ಹಚ್ಚುವುದು, ಶನಿವಾರ ಕಪ್ಪು ತಲೆಯೊಡನೆ ಬಂದಿಳಿಯುವುದು. ಭಾನುವಾರ ಜನರ ಎದುರು ಉಮಾ ಏನೂ ಹೇಳಲಾರಳು.

ಬೀಚಿಗೆ ಹೋಗುತ್ತೇವೆಂದಾಗ ದುರ್ಗಬ್ಬೆ ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು. "ಅಲ್ಲಾ, ನಮ್ಮ ಗದ್ದೆಯ ಆಚೆಗೇ ಸಮುದ್ರ ಇದ್ಯಲಾ. ಅದಕ್ಕೆ ಎಂತ ಆಗಿದೆ?"

"ಅದು ಸಮುದ್ರ ಅಬ್ಬೆ" ಎಂದ ಮಾಬ್ಲೇಶ್ವರ. "ನಾವು ಹೋಗೂದು ಬೀಚಿಗೆ."

ಹೀಗೆ ಸಮುದ್ರದಿಂದ ಒಂದು ಮೈಲು ದೂರದಲ್ಲಿ ಹುಟ್ಟಿ ಬೆಳೆದ ನಾವು, ಸಮುದ್ರ ನೋಡಲೆಂದು ಅರವತ್ತು ಕಿಲೋಮೀಟರು ಪ್ರಯಾಣ ಮಾಡಿ ಮಂಗಳವಾರ ಮಧ್ಯಾಹ್ನ ಭಟ್ಕಳ ತಾಲೂಕಿನ ಬೆಳಕೆಗೆ ಬಂದೆವು. ದಡದಲ್ಲೇ ಒಂದು ಹೋಂಸ್ಟೇ. ನಡೆಸುವವಳು ಪ್ರಿಯಾ ಎಂಬ ಚುರುಕಿನ ಹೆಣ್ಣುಮಗಳು. ಅವಳ ಮಾವ ಮಾಸ್ತಿ, ಐವತ್ತು ವರ್ಷ ಕಡಲಿಗೆ ಹೋಗಿ ಈಗ ಜಗಲಿಯಲ್ಲಿ ಕೂತು ಬಲೆ ಹೆಣೆಯುವ ಮುದುಕ. ಮಾಬ್ಲೇಶ್ವರ ಬಂದ ಕೂಡಲೇ ಇಬ್ಬರೊಡನೆಯೂ ತನ್ನ ಸಂಸಾರದ ವಿಚಾರ ಹೇಳಿಕೊಂಡ. ತಂದೆ ಹೋಗಿ ಇಪ್ಪತ್ತು ವರ್ಷವಾಯಿತು, ಎಂಬತ್ತೇಳರ ತಾಯಿ ಗಟ್ಟಿಮುಟ್ಟಾಗಿದ್ದಾಳೆ, ಮಗಳನ್ನು ಹೆಬಳೆಯ ಮೋಹನನ ಮನೆಗೆ ಕೊಡುತ್ತೇವೆ, ಇತ್ಯಾದಿ. ಪ್ರಿಯಾ ಬಂಗಡೆ ಮೀನು ಹುರಿದು ಬಡಿಸಿದಳು. ಮಾಬ್ಲೇಶ್ವರ ಏಳು ತಿಂದ. ಆ ವಿಹಾರದಲ್ಲಿ ವಿಶ್ರಾಂತಿ ಎನ್ನಬಹುದಾದದ್ದು ಅಷ್ಟೇ.

ಸಂಜೆ ಕೋಣೆಯ ಬಾಗಿಲು ಹಾಕಿ ಜಟ್ಟ ಕೆಲಸಕ್ಕೆ ಇಳಿದ. ದೋಣಿಗೆ ಬಣ್ಣ ಹೊಡೆದ ಅನುಭವದಿಂದ ಎರಡು ಕೋಟು ಹೊಡೆದ, ಮೀಸೆಗೆ ಮೂರು. ಅರ್ಧ ಗಂಟೆಗೆ ತೊಳೆಯಬೇಕಿತ್ತು. ಮಾಬ್ಲೇಶ್ವರ ಏಳು ಬಂಗಡೆಯ ಭಾರಕ್ಕೆ ನಿದ್ದೆಹೋದ, ಜಟ್ಟ ಬಲೆ ಎಳೆಯುವುದನ್ನು ನೋಡಲು ಹೋದ, ನಾನು ಸಂಧ್ಯಾಪ್ರಾರ್ಥನೆಗೆ ಕುಳಿತೆ. ಪ್ರಾರ್ಥನೆ ಮುಗಿದ ಮೇಲೆ ಕನ್ನಡಕ ಹಾಕಿ ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಓದಿದೆ. ಮೊದಲು ಚರ್ಮಕ್ಕೆ ಸ್ವಲ್ಪವೇ ಹಚ್ಚಿ ಒಂದು ದಿನ ಕಾಯಬೇಕೆಂದು ಬರೆದಿತ್ತು. ಅಷ್ಟರಲ್ಲಿ ಬಣ್ಣ ಹಚ್ಚಿ ಎರಡು ಗಂಟೆ ಕಳೆದಿತ್ತು.

ಬುಧವಾರ ಬೆಳಿಗ್ಗೆ ಮಾಬ್ಲೇಶ್ವರನ ಮುಖ ಹಲಸಿನಕಾಯಿಯಾಗಿತ್ತು. ಕಣ್ಣುಗಳು ಊದಿ ಕೆಂಪಾಗಿ, ತಾವಾಗಿಯೇ ನೀರು ಸುರಿಸುತ್ತಿದ್ದವು. ತಲೆಯ ಮೇಲೆ ಟವೆಲು ಮುಚ್ಚಿ ರಿಕ್ಷಾದಲ್ಲಿ ಭಟ್ಕಳಕ್ಕೆ ಒಯ್ದೆವು. ಡಾಕ್ಟರು ನೋಡಿ, ತಲೆ ಮೀಸೆ ಎರಡನ್ನೂ ಈಗಿಂದೀಗ ಬೋಳಿಸಬೇಕು, ಹತ್ತು ದಿನ ಮೀನು ಮಾಂಸ ಮುಟ್ಟಬಾರದು, ಗಂಜಿ ಊಟ, ಬಿಳಿಯ ಹತ್ತಿಬಟ್ಟೆ, ದಿಂಬು ಹಾಸಿಗೆ ಬೇಡ, ಚಾಪೆಯ ಮೇಲೆ ಮಲಗಬೇಕು ಎಂದರು. ಆ ಡಾಕ್ಟರು ಹೊರಗಿನವರಿರಬೇಕು. ತಾವು ಹೇಳಿದ್ದು ನಮ್ಮ ಕಡೆ ಯಾವುದರ ನೇಮವೆಂದು ಅವರಿಗೆ ಹೊಳೆಯಲಿಲ್ಲ. ನಮಗೂ ಹೊಳೆಯಲಿಲ್ಲವೆಂಬುದೇ ಆಶ್ಚರ್ಯ.

ಕ್ಷೌರದಂಗಡಿಯಿಂದ ಹೊರಬಂದ ಮಾಬ್ಲೇಶ್ವರ ನಮ್ಮಿಬ್ಬರನ್ನೂ ರಸ್ತೆಯ ಬದಿಗೆ ನಿಲ್ಲಿಸಿದ. "ಬಣ್ಣ ಹಚ್ಕಂಡೆ ಅಂತ ಯಾರಿಗೂ ಹೇಳೂಕಿಲ್ಲ. ಮೋಹನನ ಕಿವಿಗೆ ಬಿದ್ರೆ ನನ್ನ ಮರ್ಯಾದಿ ಹೋತು. ಗೋಕರ್ಣದ ದೇವರ ಆಣೆ ಮಾಡಿ."

ಆಣೆ ಮಾಡಿದೆವು. ನಾನು ಆಣೆ ಮುರಿಯುವವನಲ್ಲ. ಮುಂದಿನ ಅನಾಹುತಕ್ಕೆಲ್ಲ ನನ್ನ ದೈವಭಕ್ತಿಯೇ ಅರ್ಧ ಕಾರಣ.

ಮರಳಿ ಬಂದಾಗ ಮಾಸ್ತಿ ಜಗಲಿಯಲ್ಲಿದ್ದ. ನಿನ್ನೆ ಮೀಸೆ ತಿರುವುತ್ತ ಬಂಗಡೆ ತಿಂದವನು ಇಂದು ತಲೆ ಮೀಸೆ ಬೋಳಿಸಿ, ಬಿಳಿ ಪಂಚೆ ಉಟ್ಟು, ಕಣ್ಣೀರು ಸುರಿಸುತ್ತ ರಿಕ್ಷಾದಿಂದ ಇಳಿದದ್ದನ್ನು ನೋಡಿದ. ಬಲೆ ಕೆಳಗಿಟ್ಟ. ಮಧ್ಯಾಹ್ನ ಪ್ರಿಯಾ ಮೀನು ಸಾರು ತಂದಾಗ ಮಾಬ್ಲೇಶ್ವರ ತಟ್ಟೆಗೆ ಕೈ ಅಡ್ಡ ಹಿಡಿದು, "ಬೇಡ ತಂಗಿ, ಹತ್ತು ದಿನ ಮುಟ್ಟೂಕಿಲ್ಲ" ಎಂದ. ಸಮುದ್ರದ ದಡಕ್ಕೆ ಬಂದು ಹತ್ತು ದಿನ ಮೀನು ಬೇಡವೆನ್ನುವುದಕ್ಕೆ ನಮ್ಮ ಕರಾವಳಿಯಲ್ಲಿ ಒಂದೇ ಕಾರಣವಿರಲು ಸಾಧ್ಯ. ಪ್ರಿಯಾ ಸಾರಿನ ಪಾತ್ರೆಯನ್ನು ಸೆರಗಿನಡಿ ಮುಚ್ಚಿಕೊಂಡು ಹಿಂದೆ ಸರಿದಳು.

ಮಾಸ್ತಿ ನನ್ನನ್ನು ತೆಂಗಿನ ಮರದ ಬುಡಕ್ಕೆ ಕರೆದ. "ಎಂತ ಆತು ಅವ್ರಿಗೆ?"

ಸುಳ್ಳು ಹೇಳುವಂತಿಲ್ಲ, ನಿಜ ಹೇಳಲು ಆಣೆ ಅಡ್ಡ. ನಾನು ಆಕಾಶಕ್ಕೆ ಕೈ ಮುಗಿದು, "ಎಲ್ಲ ಅವನ ಇಚ್ಛೆ" ಎಂದೆ.

ಮಾಸ್ತಿ ತಲೆಯ ಮೇಲಿನ ಟೋಪಿ ತೆಗೆದ. ಅವನು ತರ್ಕ ಬಲ್ಲ ಮುದುಕ. ಮೀಸೆ ತೆಗೆಸುವುದು ತಂದೆಗೆ ಅಥವಾ ತಾಯಿಗೆ. ತಂದೆ ಹೋಗಿ ಇಪ್ಪತ್ತು ವರ್ಷ. ಆದ್ದರಿಂದ ನಿನ್ನೆ ಇರುಳು ಫೋನು ಬಂದಿದೆ, ತಾಯಿ ಹೋದಳು. ಇಷ್ಟರ ತನಕ ಲೆಕ್ಕ ಸರಿ ಕೂತಿತು. ಆದರೆ ತಾಯಿ ಸತ್ತರೆ ಮಗ ಊರಿಗೆ ಓಡದೆ ಬೆಳಕೆಯ ದಡದಲ್ಲಿ ಯಾಕೆ ಕೂತಿದ್ದಾನೆ? ಅದಕ್ಕೆ ಉತ್ತರ ಸಂಜೆಯೊಳಗೆ ಮೀನಿನ ಹರಾಜುಕಟ್ಟೆಯಲ್ಲಿ ಸಿಕ್ಕಿತು. ಮಾಬ್ಲೇಶ್ವರನಿಗೆ ಒಬ್ಬ ತಮ್ಮನಿದ್ದಾನೆ, ಮಹಾ ಕ್ರೂರಿ, ಜಾಗದ ತಕರಾರಿನಿಂದ ಅಣ್ಣನಿಗೆ ತಾಯಿಯ ಮುಖ ನೋಡಲೂ ಬಿಟ್ಟಿಲ್ಲ, ಅದಕ್ಕೆ ಬಡಪಾಯಿ ಇಬ್ಬರು ಗೆಳೆಯರನ್ನು ಕರೆದುಕೊಂಡು ಇಲ್ಲಿಯೇ ನೇಮ ಹಿಡಿದಿದ್ದಾನೆ. ದೇವರು ಮಾಬ್ಲೇಶ್ವರನಿಗೆ ಕೊಡದ ತಮ್ಮನನ್ನು ಬೆಳಕೆಯ ಜನ ಒಂದೇ ಸಂಜೆಯಲ್ಲಿ ಕೊಟ್ಟರು.

ರಾತ್ರಿ ಊಟಕ್ಕೂ ಮೀನಿಲ್ಲ. ಜಟ್ಟ ಅಡುಗೆಮನೆಯ ಬಾಗಿಲಿಗೆ ಹೋಗಿ, "ಅವಂಗೆ ಬೇಡ, ನಂಗೆ ಬೇಕು" ಎಂದ.

"ಮಾಡ್ಕೊಡೂಕೆ ಅಡ್ಡಿಲ್ಲ" ಎಂದಳು ಪ್ರಿಯಾ. "ಆದ್ರೆ ಈ ಹೊತ್ತಲ್ಲಿ ಅವ್ರ ಎದುರಿಗೆ ಕೂತು ತಿಂಬೂಕೆ ನಿಮ್ಗೆ ಗಂಟಲಲ್ಲಿ ಇಳೀತದಾ?"

ಜಟ್ಟನಿಗೆ ಏನೂ ಅರ್ಥವಾಗಲಿಲ್ಲ, ಆದರೂ ನಾಚಿಕೆಯಾಯಿತು. ಗಂಜಿ ಕುಡಿದು ಬಂದ. "ಈ ಊರಿನವ್ರು ಸಣ್ಣ ಕಾಯಿಲೆಗೂ ಎಷ್ಟ್ ಬೇಜಾರ ಮಾಡ್ಕಂತ್ರು ಮಾರಾಯಾ" ಎಂದ.

ಗುರುವಾರ ಬೆಳಿಗ್ಗೆ ನಾವು ಮೂವರೂ ದಡಕ್ಕೆ ಹೋದೆವು. ಮಾಬ್ಲೇಶ್ವರ ಒದ್ದೆ ಪಂಚೆಯಲ್ಲಿ ಸಮುದ್ರಕ್ಕೆ ಮುಖ ಮಾಡಿ ಕೂತ. ನಾನು ಪಕ್ಕದಲ್ಲಿ ಕೂತು ನಿತ್ಯದಂತೆ ಗೀತೆಯ ಎರಡನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿದೆ. ಪ್ರಿಯಾ ಬಾಳೆಲೆಯಲ್ಲಿ ಬಿಳಿ ಅನ್ನ ತಂದಿಟ್ಟು ಹೋದಳು. ಮೀನಿಲ್ಲದ ಅನ್ನ ಮಾಬ್ಲೇಶ್ವರನ ಬಾಯಿಗೆ ಹೋಗಲಿಲ್ಲ. ಉಂಡೆ ಮಾಡಿ ಎಲೆಯ ಮೇಲಿಟ್ಟು, "ನೀವಾದ್ರೂ ತಿನ್ನಿ" ಎಂದು ಕಾಗೆಗಳನ್ನು ಕರೆದ. ದಿನವೂ ಬಂಗಡೆಯ ತಲೆ ತಿನ್ನುವ ಕಾಗೆಗಳು ಬರೀ ಅನ್ನವನ್ನು ಓರೆಯಾಗಿ ನೋಡಿ ಅಲ್ಲೇ ಕೂತವು.

ತಿರುಗಿ ನೋಡಿದರೆ ನಮ್ಮ ಹಿಂದೆ ಇಪ್ಪತ್ತು ಮೂವತ್ತು ಜನ ಕೈಕಟ್ಟಿ ನಿಂತಿದ್ದರು. ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆಯೆಂದು ಅರ್ಥ. ಮಾಸ್ತಿ ಮುಂದೆ ಬಂದು ಗಾಳಿಗೆ ಹೇಳಿದ: "ಅವ್ವಾ, ನಿನ್ನ ಮನಸ್ಸಲ್ಲಿ ಎಂತ ಇದ್ರೂ ನಡೆಸಿ ಕೊಡ್ತ್ರು. ಮೊಮ್ಮಗಳ ಮದಿ ಮಾಡ್ತ್ರು. ಮುಟ್ಟಿ ಹೋಗು."

ಅದೇ ಹೊತ್ತಿಗೆ ಜಟ್ಟ, ಯಾರದೋ ಬುಟ್ಟಿಯಿಂದ ಕದ್ದು ಪಂಚೆಯಲ್ಲಿ ಅಡಗಿಸಿಟ್ಟಿದ್ದ ಒಣಮೀನನ್ನು ಜನ ನೋಡಿಯಾರೆಂಬ ಹೆದರಿಕೆಯಿಂದ ಎಲೆಯ ಮೇಲೆ ಬೀಳಿಸಿದ. ಹನ್ನೊಂದು ಕಾಗೆಗಳು ಒಟ್ಟಿಗೆ ಎರಗಿದವು. ಹೆಂಗಸರು ಕಣ್ಣೊರೆಸಿಕೊಂಡರು.

"ಇವ್ರೆಲ್ಲ ಎಂತಕ್ಕೆ ಅಳ್ತ್ರು?" ಎಂದು ಮಾಬ್ಲೇಶ್ವರ ನನ್ನನ್ನು ಕೇಳಿದ. ನನಗೆ ಆಗ ಸ್ವಲ್ಪ ಅನುಮಾನ ಬಂತು. ಬಾಯಿ ತೆರೆಯುವಷ್ಟರಲ್ಲಿ ರಸ್ತೆಯ ಬದಿಯಲ್ಲಿ ಐಸ್ ಫ್ಯಾಕ್ಟರಿಯ ಗಾಡಿ ನಿಂತಿತು. ಹರಾಜುಕಟ್ಟೆಗೆ ಐಸ್ ತರುವ ಗಾಡಿಯವರ ಮೂಲಕ ಸುದ್ದಿ ಹೆಬಳೆಗೆ ಮುಟ್ಟಿತ್ತು. ಇಂಥ ವಿಚಾರವನ್ನು ಫೋನಿನಲ್ಲಿ ಕೇಳುವುದು ಮರ್ಯಾದೆಯಲ್ಲ, ಎದುರಿಗೇ ಹೋಗಬೇಕು. ಗಾಡಿಯಿಂದ ಮೋಹನನೂ ಅವನ ಅಕ್ಕನೂ ಇಳಿದರು.

ಯಾರ ಕಣ್ಣಿಗೆ ಬೀಳಬಾರದೆಂದಿದ್ದನೋ ಅವನೇ ಬರುವುದನ್ನು ಕಂಡು ಮಾಬ್ಲೇಶ್ವರ ಟವೆಲಿನಿಂದ ತಲೆ ಮುಖ ಎಲ್ಲ ಮುಚ್ಚಿಕೊಂಡ. ಮೋಹನ ಮರಳಿನ ಮೇಲೆ ಕುಸಿದು ಅವನನ್ನು ತಬ್ಬಿಕೊಂಡ.

"ನಂಗೊಂದು ಮಾತು ತಿಳಿಸೂಕಾಗ್ಲಿಲ್ವಾ ಬೀಗ್ರೇ?"

"ನಾಚ್ಕೆ ಆತು" ಎಂದ ಮಾಬ್ಲೇಶ್ವರ ಟವೆಲಿನೊಳಗಿಂದ.

"ಇದ್ರಲ್ಲಿ ನಾಚ್ಕೆ ಎಂತದು? ಎಲ್ಲರ ಮನೆಲೂ ಆಗೂದೇ. ಆದ್ರೆ ಭಾನುವಾರದ್ದು ಇನ್ನು ನಡೆಯೂದಿಲ್ಲ."

ಮಾಬ್ಲೇಶ್ವರ ಟವೆಲು ಕಿತ್ತೆಸೆದ. "ಇಷ್ಟಕ್ಕೇ ನಿಲ್ಸೂದಾ? ನನ್ನ ಮಗಳು ಎಂತ ತಪ್ಪು ಮಾಡಿದ್ಳು? ಹೋದದ್ದು ಹೋತು, ಒಂದು ತಿಂಗಳಲ್ಲಿ ಮತ್ತೆ ಬರ್ತದೆ."

ಮೋಹನ ಗಾಬರಿಯಿಂದ ನನ್ನ ಮುಖ ನೋಡಿದ. "ದುಃಖ ತಲೆಗೆ ಹತ್ತಿದೆ" ಎಂದು ಮಾಸ್ತಿ ಮೆಲ್ಲಗೆ ಹೇಳಿದ.

ಮೋಹನನ ಅಕ್ಕ ಕುಳಿತಿರಲಿಲ್ಲ. "ಮುಂದೆ ಹಾಕೂದೂ ಇಲ್ಲ, ಎಂತದೂ ಇಲ್ಲ" ಎಂದಳು. "ಮಾತು ಕೊಟ್ಟು ವಾರ ಆಗ್ಲಿಲ್ಲ, ಮನೆಲಿ ಸಾವು. ಮೇಲಿಂದ ನಮ್ಗೆ ತೋರಿಸ್ದೆ ಇಟ್ಟ ತಮ್ಮ ಬೇರೆ. ಈ ಸಂಬಂಧ ಬೇಡ. ನಾನು ಕುಮಟೆಯ ನೆಂಟರಿಗೂ ಫೋನು ಮಾಡಿ ಹೇಳಿದ್ದೆ, ಅವ್ರು ಹಾರ ತಕಂಡು ನಿಮ್ಮನೆಗೆ ಹೋಗಿದ್ರು."

"ಯಾವ ಸಾವು?" ಎಂದ ಮಾಬ್ಲೇಶ್ವರ.

ತಲೆ ಕೆಟ್ಟವರೊಡನೆ ವಾದ ಮಾಡಬಾರದೆಂದು ಎಲ್ಲರಿಗೂ ಗೊತ್ತು. ಅವನು ಫೋನು ತೆಗೆದು ಮನೆಗೆ ಮಾಡಿದ. ಯಾರೂ ಎತ್ತಲಿಲ್ಲ. ಉಮಾಗೆ ಮಾಡಿದ, ಪೂರ್ಣಿಮಾಳಿಗೆ ಮಾಡಿದ. ಯಾರೂ ಎತ್ತಲಿಲ್ಲ. "ಮನೆಲಿ ಎಂತ ಆಗಿದ್ಯೋ?" ಎಂದು ನನ್ನ ಕೈ ಹಿಡಿದ. ಈಗ ಅವನ ಕಣ್ಣಿನಿಂದ ಬಂದದ್ದು ನಿಜವಾದ ನೀರು. ಹೀಗೆ, ತಾಯಿ ಸತ್ತಳೆಂದು ನಂಬಿದವರ ಪೈಕಿ ಮಗನೇ ಕೊನೆಯವನಾದ.

ಮನೆಯಲ್ಲಿ ಆಗಿದ್ದಿಷ್ಟು. ಕುಮಟೆಯ ನೆಂಟರು ಟೆಂಪೊದಲ್ಲಿ ಹಾರ ಹಿಡಿದುಕೊಂಡು ಹೋದಾಗ ದುರ್ಗಬ್ಬೆ ಜಗಲಿಯಲ್ಲಿ ಕೂತು ನೊಗಲೆ ಮೀನು ಹೆಚ್ಚುತ್ತಿದ್ದಳು. ನೆಂಟರಲ್ಲಿ ಹಿರಿಯನಾದ ಸಂಜಯ ಕಣ್ಣು ತಗ್ಗಿಸಿ, "ದುರ್ಗಬ್ಬೆಯನ್ನ ಎಲ್ಲಿ ಮಲಗ್ಸಿದ್ರಿ?" ಎಂದು ಅವಳನ್ನೇ ಕೇಳಿದ. "ಬೆಳಿಗ್ಗೆ ಹೊತ್ತು ನಾ ಎಂತಕ್ಕೆ ಮಲಗ್ಲಿ?" ಎಂದಳು ಅವಳು. ವಿಷಯವೆಲ್ಲ ಕೇಳಿದ ಮೇಲೆ ಕೈ ತೊಳೆದು, ಒಳ್ಳೆಯ ಸೀರೆ ಉಟ್ಟು, ಸೊಸೆ ಮೊಮ್ಮಗಳನ್ನು ಕರೆದುಕೊಂಡು ಅದೇ ಟೆಂಪೊ ಹತ್ತಿದಳು. ಗಡಿಬಿಡಿಯಲ್ಲಿ ಮಗನಿಗೆ ಫೋನು ಮಾಡಲು ಯಾರಿಗೂ ಹೊಳೆಯಲಿಲ್ಲ, ಎಲ್ಲರ ಫೋನೂ ಮೀನಿನ ಪಕ್ಕದಲ್ಲೇ ಉಳಿಯಿತು.

ಇತ್ತ ಮೋಹನ ಹೊರಡಲು ಎದ್ದ. ಸೂತಕದವರನ್ನು ಮುಟ್ಟಿದ ಮೇಲೆ ತಲೆಗೆ ಸ್ನಾನ ಮಾಡದೆ ಮನೆಗೆ ಹೋಗುವಂತಿಲ್ಲ. "ಸಮುದ್ರ ಇಲ್ಲೇ ಇದ್ಯಲಾ, ಮೂರು ಸಲ ಮುಳುಗಿ ಬಾ" ಎಂದಳು ಅಕ್ಕ. "ಬೇಡ, ಮನೆಲೇ ಮಾಡ್ತೆ" ಎಂದು ಅವನು ತಡವರಿಸಿದ. ಅಕ್ಕ ಬಿಡಲಿಲ್ಲ. ಮೋಹನ ಬಲಿಗೆ ಹೊರಟವನಂತೆ ನೀರಿಗೆ ಇಳಿದ.

ಅವನು ಮೂರನೆಯ ಸಲ ಮುಳುಗಿದಾಗ ಟೆಂಪೊ ಬಂತು. ದುರ್ಗಬ್ಬೆ ಕೋಲೂರಿಕೊಂಡು ಮರಳಿಗೆ ಇಳಿದಳು. ಅವಳು ಯಾರೆಂದು ಮೊದಲು ತಿಳಿದದ್ದು ಮೋಹನನ ಅಕ್ಕನಿಗೆ. ಆಕೆ ಸದ್ದಿಲ್ಲದೆ ಮಾಸ್ತಿಯ ಹಿಂದೆ ಹೋಗಿ ನಿಂತಳು. ಆಕೆಯ ಮುಖ ನೋಡಿ ಮಾಸ್ತಿಗೂ ತಿಳಿಯಿತು, ಅವನಿಗೆ ಹಿಂದೆ ನಿಲ್ಲಲು ಯಾರೂ ಇರಲಿಲ್ಲ, ಓಡಿದ.

"ಅಬ್ಬೆ" ಎಂದು ಮಾಬ್ಲೇಶ್ವರ ಮಗುವಿನಂತೆ ಕೂಗಿ ಅವಳ ಕಾಲು ಹಿಡಿದ.

ದುರ್ಗಬ್ಬೆ ಕೋಲಿನ ತುದಿಯಿಂದ ಅವನ ಗದ್ದ ಎತ್ತಿ ನೋಡಿದಳು. "ಇದ್ಯಾರ? ನನ್ನ ಮಗ ಎಲ್ಲಿ?"

"ನಾನೇ ಅಬ್ಬೆ."

"ಮುಖಕ್ಕೆ ಎಂತ ಆತು?"

ಮಾಬ್ಲೇಶ್ವರ ನಮ್ಮನ್ನು ಆಣೆಯಿಂದ ಬಿಡಿಸಿದ, ಮತ್ತು ಎಲ್ಲರೆದುರು ಬಣ್ಣದ ಕತೆ ಹೇಳಿದ. ಉಮಾ ಗಂಡನನ್ನು ನೋಡಿದ ನೋಟವನ್ನು ವಿವರಿಸಲು ನನ್ನ ಕನ್ನಡ ಸಾಲದು. ಪೂರ್ಣಿಮಾ ಮಾತ್ರ ಅಪ್ಪನ ಬೋಳುತಲೆಯ ಮೇಲೆ ಕೈಯಿಟ್ಟು ಮೋಹನನ ಅಕ್ಕನ ಕಡೆ ನೋಡಿದಳು. ಆಕೆ ಧೈರ್ಯ ತಂದುಕೊಂಡು ಮುಂದೆ ಬಂದಳು. "ಸತ್ತದ್ದು ಸುಳ್ಳಾದ್ರೂ ಸುದ್ದಿ ಹಬ್ಬಿದ್ದು ನಿಜ. ಶಕುನ ಸರಿ ಇಲ್ಲ. ಮೇಲಿಂದ, ಬಣ್ಣ ಹಚ್ಕಂಡು ಬೀಗರಿಗೆ ತೋರಿಸೂ ಜನ. ನಮ್ಮ ಮೋಹನ ಒಂದು ದಿನವೂ ಅಂಥ ಸೋಗು ಮಾಡ್ದವನಲ್ಲ."

ಆಗ ಮೋಹನ ಸಮುದ್ರದಿಂದ ಎದ್ದು ಬಂದ. ತಲೆಯಿಂದ ಕಪ್ಪು ನೀರು ಹಣೆ, ಕಿವಿ, ಬಿಳಿ ಅಂಗಿಯ ಮೇಲೆಲ್ಲ ಇಳಿಯುತ್ತಿತ್ತು. ಮೇಲೆ ಉಳಿದದ್ದು ನಮ್ಮ ಮಾಬ್ಲೇಶ್ವರನದಕ್ಕಿಂತ ಬೆಳ್ಳಗಿನ ತಲೆ.

"ಇದೂ ಬೀಚಿಗೆ ಬಂದದ್ದಾ?" ಎಂದಳು ದುರ್ಗಬ್ಬೆ.

ಮೋಹನ ಕೆಳಗೆ ನೋಡಿ, "ಅದು ಬರೀ ಕಪ್ಪು ಪುಡಿ" ಎಂದ. "ಪೊಟ್ಟಣದ್ದು ನಂಗೂ ಒಗ್ಗೂದಿಲ್ಲ. ಹತ್ತು ವರ್ಷದ ಹಿಂದೆ ನನ್ನ ಮುಖವೂ ಹಿಂಗೇ ಆಗಿತ್ತು. ಜೇನು ಕಚ್ಚಿತು ಅಂತ ಹೇಳಿದ್ದೆ."

ಅಕ್ಕ ಮರಳಿನ ಮೇಲೆ ಕೂತಳು. "ಜೇನಿಗೆ ನಾನು ಶಾಂತಿ ಮಾಡಿಸಿದ್ನಲ್ಲೋ" ಎಂದಳು.

"ಭಾನುವಾರ ನಿಶ್ಚಿತಾರ್ಥ" ಎಂದಳು ದುರ್ಗಬ್ಬೆ. "ಸತ್ತ ಸುದ್ದಿ ಬಂದು ಹೋದ್ರೆ ಆಯುಷ್ಯ ಹೆಚ್ಚು. ಅದ್ಕಿಂತ ಒಳ್ಳೆ ಶಕುನ ಎಂತದು ಬೇಕು ನಿಂಗೆ? ಇಲ್ಲ ಅಂತ ಆದ್ರೆ ಹೇಳು, ನಾನು ನಿಮ್ಮನೆ ಜಗಲಿಲೇ ಬಂದು ಸಾಯ್ತೆ." ಅಕ್ಕ ಆ ಜಗಲಿಯ ಸೂತಕವನ್ನು ನೆನೆದಿರಬೇಕು. ಕೂಡಲೇ ಒಪ್ಪಿದಳು.

ಆಮೇಲೆ ಜನ ಚದುರತೊಡಗಿದರು. ದುರ್ಗಬ್ಬೆ ಬಿಡಲಿಲ್ಲ. ಪ್ರಿಯಾ ತಂದ ಕುರ್ಚಿಯಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ಕೂತು, ಹುರಿದ ಬಂಗಡೆ ತರಿಸಿಕೊಂಡು, "ಇಷ್ಟು ದೂರ ಬಂದಿದ್ರಿ, ನಾನು ಸತ್ರೆ ಎಂತ ಹೇಳೂಕೆ ಬಂದ್ರೋ ಅದ್ನ ಹೇಳಿ ಹೋಗಿ" ಎಂದಳು. ಅವರು ನಾಚುತ್ತ ಒಬ್ಬೊಬ್ಬರಾಗಿ ಹೇಳಿದರು. ಸಂಜಯ, ಅವಳ ಮನೆಯಿಂದ ಯಾರೂ ಹಸಿದು ಹೋದದ್ದಿಲ್ಲ ಎಂದ. "ನೀ ಒಂದ್ಸಲ ಸಿಟ್ಟು ಮಾಡ್ಕಂಡು ಹೋಗಿದ್ದೆ" ಎಂದು ಅವಳು ತಿದ್ದಿದಳು. ಮಾಸ್ತಿಯೂ ಮರಳಿ ಬಂದು ದೂರದಲ್ಲೇ ನಿಂತು, ತನಗೆ ಪರಿಚಯವಿಲ್ಲದಿದ್ದರೂ ಬಹಳ ಒಳ್ಳೆಯವಳಿದ್ದಳು ಎಂದ.

ನನ್ನ ಸರದಿ ಬಂತು. ನಾನು ಆರು ವರ್ಷದವನಿದ್ದಾಗ ನನ್ನ ತಾಯಿ ಹೋದಳು. ಆ ದಿನ ದುರ್ಗಬ್ಬೆ ನನ್ನನ್ನು ಎತ್ತಿಕೊಂಡು ಹೋಗಿ, ಮಾಬ್ಲೇಶ್ವರನ ತಟ್ಟೆಯ ಮುಂದೆಯೇ ಕೂರಿಸಿ, ಅವನಿಗೊಂದು ತುತ್ತು ನನಗೊಂದು ತುತ್ತು ಕೊಟ್ಟಳು. ಆಮೇಲೆ ಆ ತಟ್ಟೆ ಹಲವು ವರ್ಷ ಹಾಗೇ ನಡೆಯಿತು. ಐವತ್ತಾರು ವರ್ಷದಲ್ಲಿ ಅದನ್ನು ನಾನು ಅವಳ ಎದುರು ಬಾಯಿಬಿಟ್ಟು ಹೇಳಿರಲಿಲ್ಲ. ಅಂದು ಹೇಳಿದೆ. ಅವಳು ಬಂಗಡೆಯ ಮುಳ್ಳು ತೆಗೆಯುವುದನ್ನು ನಿಲ್ಲಿಸಿ ಕೇಳಿದಳು. "ಆತು, ಇನ್ನು ಊಟ ಮಾಡು" ಎಂದಳು.

ಭಾನುವಾರ ನಿಶ್ಚಿತಾರ್ಥ ನಡೆಯಿತು. ಫೋಟೋದಲ್ಲಿ ಒಂದು ಬೋಳುತಲೆ, ಒಂದು ಬಿಳಿತಲೆ, ನಡುವೆ ದುರ್ಗಬ್ಬೆ. ಪೂರ್ಣಿಮಾಳ ಮಗನನ್ನು ಅವಳು ತೊಡೆಯ ಮೇಲೆ ಆಡಿಸಿದಳು, ಅವನಿಗೆ ಮೀನಿನ ಮುಳ್ಳು ತೆಗೆಯಲು ಕಲಿಸಿದಳು.

ಸತ್ತ ಮೇಲೆ ಹೇಳುವ ಮಾತನ್ನು ಅವಳು ಬದುಕಿದ್ದಾಗಲೇ ನಮ್ಮಿಂದ ಹೇಳಿಸಿಕೊಂಡಿದ್ದರಿಂದ, ಈ ಸಲ ಅವಳ ಪಾದದ ಬಳಿ ಕೂತಾಗ ನನ್ನಲ್ಲಿ ಹೇಳುವುದೇನೂ ಉಳಿದಿರಲಿಲ್ಲ. ಈಗ ದೇವರಿಗೆ ಹೇಳುವುದೊಂದೇ ಬಾಕಿ. ತಂದೆಯೇ, ಹಸಿದ ಮಕ್ಕಳಿಗೆ ಉಣ್ಣಿಸಿದ ಆ ಕೈಗಳಿಗೆ ವಿಶ್ರಾಂತಿ ಕೊಡು. ಆಕೆ ಏನಾದರೂ ಗದರಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ, ಅದು ಅವಳ ಪ್ರೀತಿ. ಆ ತಾಯಿಯ ಆತ್ಮವನ್ನು ನಿನ್ನ ಪಾದದ ನೆರಳಲ್ಲಿ ಇಟ್ಟುಕೋ, ಅವಳಿಗೆ ಶಾಂತಿಯಾಗಲಿ.